ಕಾಶಿ ಹೇಳಿದ ಐದನೆಯ ಗುರುತು

ಭಾವಿಕೇರಿ ಕಡೆಯ ದಂಡೆಯಲ್ಲಿ ಕಾಶಿಯನ್ನು ಅರಿಯದವರಿಲ್ಲ. ಮದುವೆಯಾಗಿ ಬಂದ ವರ್ಷದಿಂದ ಲೆಕ್ಕ ಹಿಡಿದರೆ ನಲವತ್ತೆಂಟು ವರ್ಷ ಆಕೆ ಅಂಕೋಲೆ ಪೇಟೆಯಲ್ಲಿ ಕೂತು ಮೀನು ಮಾರಿದ್ದಾಳೆ. ಶಾಲೆಗೆ ಹೋದದ್ದು ಎರಡೇ ಮಳೆಗಾಲ. ಸಹಿ ಹಾಕಲು ಬರುತ್ತದೆ. ಬಸ್ಸಿನ ಬೋರ್ಡು ನೋಡಿ ಇದು ಕಾರವಾರದ್ದು, ಇದು ಕುಮಟೆಯದ್ದು ಎಂದು ಅಕ್ಷರದ ಆಕಾರದ ಮೇಲೆ ಹೇಳುತ್ತಾಳೆ. ಆದರೆ ಒಮ್ಮೆ ಕಿವಿಗೆ ಬಿದ್ದದ್ದು ಆಕೆಯ ತಲೆಯಿಂದ ಹೋಗುವುದಿಲ್ಲ. ಯಾವ ಮನೆಯ ಮುದುಕನಿಗೆ ಶೆಟ್ಲಿ ಎಂಬ ಸಿಗಡಿ ತಿಂದರೆ ಮೈ ತುರಿಸುತ್ತದೆ, ಯಾವ ಮಾಸ್ತರರು ಸೋಮವಾರ ಮೀನು ಮುಟ್ಟುವುದಿಲ್ಲ, ಎಲ್ಲ ಅಲ್ಲಿ ಕೂತಿರುತ್ತದೆ.

ಆ ನೆನಪೇ ಈ ವರ್ಷ ಆಕೆಗೆ ಮುಳ್ಳಾಯಿತು.

ಆಕೆಯ ಗಂಡ ರಾಮಾ ರಂಪಣಿಯ ಕಾವಲಿನವನು. ರಂಪಣಿ ಎಂದರೆ ದಂಡೆಯಿಂದ ಎಳೆಯುವ ದೊಡ್ಡ ಬಲೆ. ಹಗ್ಗದ ಒಂದು ತುದಿ ಮರಳಿನ ಮೇಲೆ ನಿಂತವರ ಕೈಯಲ್ಲಿ ಇರುತ್ತದೆ, ಬಲೆ ದೋಣಿಯಲ್ಲಿರುತ್ತದೆ. ದೋಣಿ ಮೀನಿನ ಹಿಂಡಿನ ಹೊರಗಿನಿಂದ ಸುತ್ತು ಹಾಕಿ, ಬಲೆ ಬಿಡುತ್ತ ಬಿಡುತ್ತ ಮತ್ತೆ ದಂಡೆಗೆ ಬಂದು ಮುಟ್ಟಬೇಕು. ದೋಣಿಯಲ್ಲಿದ್ದವರಿಗೆ ಹಿಂಡು ಕಾಣುವುದಿಲ್ಲ. ಎತ್ತರದ ಬಂಡೆಯ ಮೇಲೆ ನಿಂತವನಿಗೆ ಮಾತ್ರ ನೀರು ಒಂದು ಕಡೆ ಕಪ್ಪಾಗುವುದು, ಆ ಕಪ್ಪು ಸರಿಯುವುದು ಕಾಣುತ್ತದೆ. ಅವನು ಕೆಂಪು ಬಟ್ಟೆ ಆಡಿಸಿ ದೋಣಿಯವರಿಗೆ ದಾರಿ ಹೇಳುತ್ತಾನೆ. ಬಟ್ಟೆ ನೆಟ್ಟಗೆ ಎತ್ತಿ ಹಿಡಿದರೆ ದೋಣಿ ನೀರಿಗಿಳಿಸಿ ಎಂದು. ಪಕ್ಕಕ್ಕೆ ಬೀಸಿದರೆ ಆ ಕಡೆಗೆ ಸರಿಯಿರಿ ಎಂದು. ತಲೆಯ ಸುತ್ತ ತಿರುಗಿಸಿದರೆ ಬಲೆ ಬಿಡಿ ಎಂದು. ಮೊಣಕಾಲಿನವರೆಗೆ ಇಳಿಸಿದರೆ ದಂಡೆಗೆ ತಿರುಗಿ ಎಂದು. ರಾಮಾನ ಅಪ್ಪ ಆ ಬಂಡೆಯ ಮೇಲೆ ನಿಂತವನು, ಅಪ್ಪನ ನಂತರ ರಾಮಾ. ಮನೆಯಲ್ಲಿ ಒಂದು ಮಾತಿಗೆ ಎರಡು ಮಾತು ಆಡದ ಮನುಷ್ಯ ಬಂಡೆ ಹತ್ತಿದರೆ ಮೂವತ್ತು ಗಂಡಸರನ್ನು ಒಂದು ತುಂಡು ಬಟ್ಟೆಯಲ್ಲಿ ಕುಣಿಸುತ್ತಿದ್ದ.

ಹೋದ ಚೌತಿ ಕಳೆದ ಮೇಲೆ, ಬಾಂಗಡೆ ಮೀನು ದಂಡೆಗೆ ಬಂದ ಒಂದು ಬೆಳಿಗ್ಗೆ ಆಗಬಾರದ್ದು ಆಯಿತು. ದೋಣಿ ಅರ್ಧ ಬಲೆ ಬಿಟ್ಟಿತ್ತು. ಗುಡ್ಡದ ಮರೆಯಿಂದ ಎಲ್ಲಿಯದೋ ಒಂದು ಯಾಂತ್ರಿಕ ಬೋಟು ನೇರ ಇವರ ಬಲೆಯ ಮೇಲೆಯೇ ಬರತೊಡಗಿತು. ರಾಮಾನಿಗೆ ಅದು ಕಂಡಿತು, ದೋಣಿಯವರಿಗೆ ಕಾಣಲಿಲ್ಲ. ಅವನು ಬಟ್ಟೆ ಎಸೆದು ಎರಡೂ ಕೈ ಮೇಲೆತ್ತಿ ಕೂಗಿದ. ಗಾಳಿಗೆ ಕೂಗು ಮುಟ್ಟಲಿಲ್ಲ. ದಂಡೆಯವರೊಬ್ಬರು ಫೋನು ಮಾಡಿದರು, ದೋಣಿಯವರ ಫೋನು ಮೂಲೆಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಹೊಡೆದುಕೊಂಡಿತು. ದೋಣಿಯವರು ರಾಮಾನ ಎತ್ತಿದ ಕೈ ನೋಡಿದರು, ಏನೆಂದು ತಿಳಿಯದೆ ಮಾಡುತ್ತಿದ್ದ ಕೆಲಸವನ್ನೇ ಇನ್ನೂ ಜೋರಾಗಿ ಮಾಡಿದರು. ಬೋಟಿನ ಅಡಿಯಲ್ಲಿ ತಿರುಗುವ ಫ್ಯಾನಿಗೆ ಬಲೆಯ ಹಗ್ಗ ಸಿಕ್ಕಿತು. ಹಗ್ಗ ಬಿಗಿದ ಏಟಿಗೆ ಬಲೆ ಬಿಡುತ್ತಿದ್ದ ಮಂಗೇಶನ ಕಾಲು ಸುರುಳಿಯಲ್ಲಿ ಸಿಕ್ಕಿ, ಕೊನೆಗೆ ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು. ಮಂಗೇಶನಿಗೆ ಮೂವತ್ತನಾಲ್ಕು ವರ್ಷ. ಅವನ ತಾಯಿ ಸುಬ್ಬಿ ಪೇಟೆಯಲ್ಲಿ ಕಾಶಿಯ ಪಕ್ಕದಲ್ಲೇ ಬುಟ್ಟಿ ಇಟ್ಟುಕೊಂಡು ಕೂರುವವಳು.

ಆಮೇಲೆ ಊರ ಬಾಯಿ ರಾಮಾನ ಮೇಲೆ ಬಂತು. ಮುದುಕನಿಗೆ ಕಣ್ಣು ಸರಿಯಿಲ್ಲ, ಹೆದರಿ ಬಟ್ಟೆ ಬಿಸಾಡಿದ, ಏನೇನೋ ಕೈ ಮಾಡಿದ. ರಂಪಣಿ ದಂಡೆಯ ಮೇಲೆಯೇ ಉಳಿಯಿತು. ರಾಮಾ ಮನೆಯ ಹಿಂದಿನ ಗೇರುಮರದ ಬುಡದಲ್ಲಿ ಕೂತು ಹರಿದ ಬಲೆ ಹೊಲಿಯುತ್ತ ದಿನ ಕಳೆದ. ಹೊಲಿಯುವುದು ಮುಗಿದರೆ ಬಿಚ್ಚಿ ಮತ್ತೆ ಹೊಲಿದ. ಏಳು ತಿಂಗಳಾದ ಮೇಲೆ, ಬರುವ ರವಿವಾರ ಕೇರಿಯ ಯಜಮಾನರಾದ ಬುದವಂತರ ಮುಂದೆ ರಂಪಣಿಯ ಪಾಲುದಾರರ ಸಭೆ ಎಂದು ಗೊತ್ತಾಯಿತು. ತಪ್ಪು ರಾಮಾನದ್ದೆಂದು ಅಲ್ಲಿ ತೀರ್ಮಾನವಾದರೆ ಅವನು ಇನ್ನು ಬಂಡೆ ಹತ್ತುವ ಹಾಗಿಲ್ಲ.

ಆ ಮನೆಯಲ್ಲಿ ಇನ್ನೊಬ್ಬಳಿದ್ದಳು, ಮೊಮ್ಮಗಳು ಪ್ರಗತಿ. ಕಾರವಾರದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿ ಕಂಪ್ಯೂಟರ್ ಓದುವವಳು. ಸಂಜೆ ಬಂದು ಚಾ ಕುಡಿದು, ಹಿತ್ತಿಲ ಮೆಟ್ಟಿಲ ಮೇಲೆ ಕೂತು ಗಟ್ಟಿಯಾಗಿ ಓದುವುದು ಅವಳ ರೂಢಿ. ಕಾಶಿ ಮೀನು ಸೋಸುತ್ತ ಕೇಳುತ್ತಿದ್ದಳು.

ಈ ಸಲದ ಪಾಠ ವಿಚಿತ್ರವಾಗಿತ್ತು. ಯಂತ್ರ ಯಂತ್ರ ಎಂದು ಓದುತ್ತಾಳೆ, ಪುಸ್ತಕದಲ್ಲಿ ನೋಡಿದರೆ ಬರೀ ಬಳೆಯ ಹಾಗೆ ಉರುಟು ಮನೆಗಳು, ಮನೆಯಿಂದ ಮನೆಗೆ ಬಾಣ.

"ಯಂತ್ರ ಎಲ್ಲುಂಟೇ ಇದ್ರಲ್ಲಿ?" ಎಂದು ಕಾಶಿ ಕೇಳಿದಳು.

"ಇದೇ ಯಂತ್ರ ಅಜ್ಜಿ. ಕಬ್ಬಿಣದ್ದಲ್ಲ, ಕಾಗದದ ಮೇಲಿಂದು. ಒಂದೊಂದೇ ಅಕ್ಷರ ಓದ್ತದೆ, ಓದಿದ ಹಾಂಗೆ ಬಾಣ ಹಿಡ್ದು ಮುಂದಿನ ಮನೆಗೆ ಹೋಗ್ತದೆ. ಹಿಂದೆ ಎಂತಾ ಓದಿದ್ದೆ ಅನ್ನೂದು ಅದಕ್ಕೆ ನೆನಪಿಲ್ಲ. ಈಗ ಯಾವ ಮನೇಲಿ ನಿಂತಿದ್ದೆ ಅನ್ನೂದಷ್ಟೇ ಗೊತ್ತು."

"ನಮ್ಮ ಗಿರಾಕಿಗಳ ಹಾಂಗೆ ಅನ್ನು. ನಿನ್ನೆ ನನ್ನ ಹತ್ರ ಬೈಸ್ಕೊಂಡದ್ದು ಮರ್ತು ಇವತ್ತು ಮತ್ತೆ ಕಿವಿರು ಎತ್ತಿ ನೋಡ್ತಾವೆ, ತಾಜಾ ಹೌದಾ ಅಂತ."

ಪ್ರಗತಿ ನಕ್ಕಳು. "ಕೊನೆಗೆ ಈ ಎರಡು ಗೆರೆಯ ಮನೇಲಿ ಬಂದು ನಿಂತ್ರೆ ಯಂತ್ರ ಒಪ್ಕೊಂಡ ಹಾಂಗೆ. ಬೇರೆ ಮನೇಲಿ ನಿಂತ್ರೆ ಒಪ್ಪಲಿಲ್ಲ. ಹಾಂಗೆ ಅದು ಒಪ್ಪೂ ಅಕ್ಷರದ ಸಾಲು ಎಲ್ಲಾ ಸೇರಿದ್ರೆ ಅದೇ ಅದ್ರ ಭಾಷೆ."

"ಬಾಯಿಲ್ಲದ್ದಕ್ಕೆ ಭಾಷೆಯಾ?"

"ಅಜ್ಜನ ಬಟ್ಟೆಗೆ ಬಾಯಿ ಇತ್ತಾ?"

ಹೇಳಿದ ಮೇಲೆ ಹುಡುಗಿ ನಾಲಿಗೆ ಕಚ್ಚಿಕೊಂಡಳು, ಗೇರುಮರದ ಕಡೆ ನೋಡಿದಳು. ರಾಮಾ ತಲೆ ಎತ್ತಲಿಲ್ಲ. ಆದರೆ ಆ ಮಾತು ಅವಳಲ್ಲೇ ಬೆಳೆಯಿತು. ಮರುದಿನ ಬಿಳಿ ಹಾಳೆ ತಂದು ಅಜ್ಜಿಯ ಮುಂದೆ ಕೂತಳು.

"ಅಜ್ಜನ ಹತ್ರ ಕೇಳೂಕೆ ಹೆದ್ರಿಕೆ. ನೀನೇ ಹೇಳು. ಯಾವ ಗುರುತು ಯಾವಾಗ?"

ಕಾಶಿ ಹೇಳುತ್ತ ಹೋದಳು, ಹುಡುಗಿ ಬರೆಯುತ್ತ ಹೋದಳು. ಅಕ್ಷರಗಳು ನಾಲ್ಕು: ಎತ್ತು, ಬೀಸು, ಸುತ್ತು, ಇಳಿಸು. ಮನೆಗಳೂ ನಾಲ್ಕು. ಮೊದಲನೆಯದು ದೋಣಿ ಮರಳಿನ ಮೇಲೆ ಇರುವುದು. ಎತ್ತು ಎಂದರೆ ಅಲ್ಲಿಂದ ಎರಡನೆಯದಕ್ಕೆ ಬಾಣ, ದೋಣಿ ನೀರಿನಲ್ಲಿ. ಬೀಸಿದರೆ ದೋಣಿ ಸರಿಯುತ್ತದೆ, ಆದರೆ ಇನ್ನೂ ಹುಡುಕಾಟದಲ್ಲೇ ಇದೆ. ಅದಕ್ಕೆ ಆ ಬಾಣ ಹೊರಗೆ ಹೋಗಿ ಅದೇ ಮನೆಗೆ ತಿರುಗಿ ಬಂತು. ಹಿಂಡು ತಪ್ಪಿಹೋಯಿತೆಂದು ಮತ್ತೊಮ್ಮೆ ಎತ್ತಿದರೆ ದೋಣಿ ಮರಳಿಗೆ ವಾಪಸು. ಸುತ್ತಿದರೆ ಮೂರನೆಯ ಮನೆ, ಬಲೆ ಬಿಡುವುದು. ಇಳಿಸಿದರೆ ನಾಲ್ಕನೆಯದು, ದಂಡೆಗೆ ತಿರುಗಿ ಮುಟ್ಟುವುದು. ಅದಕ್ಕೆ ಎರಡು ಗೆರೆ.

ಬರೆದು ಮುಗಿಸಿ ಪ್ರಗತಿ ಹಾಳೆಯನ್ನು ದೂರ ಹಿಡಿದು ನೋಡಿದಳು. ಪೆನ್ನಿನ ತುದಿ ಮೂರನೆಯ ಮನೆಯ ಮೇಲೆ ನಿಂತಿತು.

"ಅಜ್ಜೀ. ಇಲ್ಲಿಂದ ಒಂದೇ ಬಾಣ. ಇಳಿಸು ಮಾತ್ರ."

"ಹೌದು."

"ಪರೀಕ್ಷೇಲಿ ನಂಗೆ ಮಾರ್ಕು ಹೋದದ್ದು ಇದಕ್ಕೇ. ಪ್ರತಿ ಮನೆಯಿಂದ ಪ್ರತಿ ಅಕ್ಷರಕ್ಕೂ ಒಂದು ಬಾಣ ಇರ್ಲೇಬೇಕು ಅಂತ ಸರ್ ಬೈದಿದ್ರು. ಬಾಣ ಇಲ್ಲದ್ದು ಬಂದ್ರೆ ಪುಸ್ತಕದ ಯಂತ್ರ ಅಲ್ಲೇ ನಿಂತು ಸಾಯ್ತದೆ. ಮನುಷ್ಯರು ಹಾಂಗೆ ನಿಲ್ಲೂದಿಲ್ಲ ಅಲ್ವಾ, ತಿಳೀದಿದ್ರೆ ಮಾಡ್ತಾ ಇದ್ದದ್ದನ್ನೇ ಮಾಡ್ತಾರೆ." ಅವಳ ದನಿ ಏರಿತು. "ಬಲೆ ಬಿಡೂಕೆ ಶುರು ಮಾಡಿದ್ಮೇಲೆ ನಿಲ್ಲಿಸಿ ಅನ್ನೂಕೆ ಗುರುತೇ ಇಲ್ಲ! ಅಜ್ಜ ಅಲ್ಲ, ಯಾರು ನಿಂತಿದ್ರೂ ನಿಲ್ಲಿಸೂಕೆ ಆಗ್ತಿರ್ಲಿಲ್ಲ. ಅಜ್ಜಂದು ತಪ್ಪಲ್ಲ ಅಜ್ಜಿ! ರವಿವಾರ ಇದನ್ನೇ ತೋರಿಸ್ತೆ."

ಅವಳು ಹಾಳೆ ಹಿಡಿದು ಗೇರುಮರದ ಕಡೆ ಓಡಿದಳು. ಕಾಶಿಯ ಕೈಯಲ್ಲಿ ಸೋಸುತ್ತಿದ್ದ ತಾರ್ಲೆ ಮೀನು ಹಾಗೇ ಉಳಿಯಿತು.

ಗುರುತು ಇತ್ತು.

ಮದುವೆಯಾದ ಮೊದಲ ವರ್ಷ, ಹದಿನೇಳರ ಸೊಸೆ, ಮಾವನಿಗೆ ಗಂಜಿ ಹೊತ್ತು ಬಂಡೆಯ ಬುಡಕ್ಕೆ ಹೋಗಿದ್ದಳು. ದೋಣಿ ಬಲೆ ಬಿಡುತ್ತಿತ್ತು. ಎಲ್ಲಿಂದಲೋ ತೇಲಿ ಬಂದ ದೊಡ್ಡ ಮರದ ದಿಮ್ಮಿ ಬಲೆಯ ದಾರಿಗೆ ಅಡ್ಡ ಬಂತು. ಮಾವ ಕೆಂಪು ಬಟ್ಟೆಯನ್ನು ತಲೆಯ ಮೇಲೆ ಮುಸುಕು ಹಾಕಿ, ಸಮುದ್ರಕ್ಕೆ ಬೆನ್ನು ಮಾಡಿ, ಬಂಡೆಯ ಮೇಲೆ ಕುಕ್ಕರುಗಾಲಿನಲ್ಲಿ ಕೂತುಬಿಟ್ಟ. ದೋಣಿಯಲ್ಲಿ ಹುಟ್ಟುಗಳು ಮೇಲೆದ್ದವು, ಹಗ್ಗ ನಿಂತಿತು. ಸೊಸೆ ಹೆದರಿದ್ದು ನೋಡಿ ಮಾವ, "ಎಂತಾ ಆಗ್ಲಿಲ್ಲ ಮಗಾ. ನಾನು ಕೂತ್ರೆ ಅವ್ರು ನಿಲ್ಬೇಕು, ಅಷ್ಟೇ" ಎಂದಿದ್ದ.

ಅಪ್ಪನ ನಂತರ ರಾಮಾ ಕೂಡ ಕೆಲವು ವರ್ಷ ಹಾಗೆ ಕೂತಿದ್ದುಂಟು. ಮುಂದೆ ಬಂಡೆಯ ಹಿಂದೆ ರಸ್ತೆಯಾಯಿತು, ಜನ ಓಡಾಡತೊಡಗಿದರು. ಒಮ್ಮೆ ಅಂಕೋಲೆ ಪೇಟೆಯಲ್ಲಿ ಸುಬ್ಬಿ ಎಲ್ಲರ ಎದುರು ಕೂಗಿ ಕೇಳಿದಳು: "ಏ ಕಾಶೀ, ನಿನ್ನ ಗಂಡಗೆ ಮನೆ ಹಿತ್ತಲು ಸಾಕಾಗ್ಲಿಲ್ವಾ? ಬೆಳ್ಳಂಬೆಳಗ್ಗೆ ಬಂಡೆ ಮೇಲೆ ಮುಸುಕು ಹಾಕ್ಕೊಂಡು ಕೂರ್ತಾನಲ್ಲೇ!" ಇಡೀ ಮೀನು ಸಾಲು ಹೊಟ್ಟೆ ಹಿಡಿದು ನಕ್ಕಿತು. ವಾರಗಟ್ಟಲೆ ಅದೇ ನಗೆ. ಕಾಶಿಗೆ ಆಗ ಮೂವತ್ತೈದೋ ಮೂವತ್ತಾರೋ. ಮನೆಗೆ ಬಂದು ಬುಟ್ಟಿ ಎಸೆದು ಗಂಡನಿಗೆ ಹೇಳಿದಳು: "ಆ ಕೂರೂದು ಒಂದು ಬಿಡಿ ನೀವು. ನಂಗೆ ಪೇಟೇಲಿ ತಲೆ ಎತ್ತೂಕೆ ಆಗ್ತಾ ಇಲ್ಲ." ರಾಮಾ ಬಿಟ್ಟ. ಹೊಸ ಹುಡುಗರಿಗೆ ನಿಂತು ಮಾಡುವ ನಾಲ್ಕನ್ನು ಮಾತ್ರ ಕಲಿಸಿದ. ದೋಣಿಯ ಹಳಬರು ಒಬ್ಬೊಬ್ಬರಾಗಿ ತೀರಿಹೋದರು. ಹಾಗೆ ಒಂದು ಗುರುತು ದಂಡೆಯಿಂದ ಅಳಿದುಹೋಯಿತು.

ಶನಿವಾರ ಮಧ್ಯಾಹ್ನ ಊಟ ಬಡಿಸುವಾಗ ಕಾಶಿ ಮೆಲ್ಲಗೆ ಮಾತು ತೆಗೆದಳು.

"ಹುಡುಗಿ ಬರೆದದ್ದು ನೋಡಿದ್ರಾ?"

"ನೋಡಿದೆ."

"ನಿಮ್ಮ ಅಪ್ಪ ಕೂರ್ತಿದ್ದದ್ದು…"

ರಾಮಾನ ಕೈ ತಟ್ಟೆಯಲ್ಲೇ ನಿಂತಿತು. "ನಂಗೆ ಆವತ್ತು ಬಂಡೆ ಮೇಲೇ ನೆನಪಾಯ್ತು," ಎಂದ. "ಕೂರ್ವಾ ಅಂತ ಕಾಲು ಮಡಚಿದೆ. ಆಮೇಲೆ ಅಂದ್ಕೊಂಡೆ, ಕೂತ್ರೆ ಯಾರಿಗೆ ತಿಳೀತದೆ? ಒಬ್ಬರಿಗಾದ್ರೂ ಕಲಿಸಿದ್ನಾ ನಾನು? ಅದಕ್ಕೆ ಕೈ ಎತ್ತಿ ಕೂಗಿದೆ."

ಏಳು ತಿಂಗಳಲ್ಲಿ ಅವನು ಆಡಿದ ಅತಿ ಉದ್ದದ ಮಾತು ಅದು.

"ನಾನು ಬಿಡಿ ಅಂದದ್ದಕ್ಕೆ ಅಲ್ದಾ," ಎಂದಳು ಕಾಶಿ.

ಅವನು ತಟ್ಟೆ ಪಕ್ಕಕ್ಕೆ ಸರಿಸಿದ. "ಹುಡುಗಿ ಚಿತ್ರ ತೋರಿಸ್ಲಿ," ಎಂದ. "ಬಂಡೆ ಬಿಟ್ರೆ ನಾನು ಇನ್ನೆಲ್ಲಿ ನಿಲ್ಲೂದು ಕಾಶೀ?"

ಅವನು ಹಾಗೆ ಕೇಳಿದ ಮೇಲೆ ಕಾಶಿ ಬಾಯಿ ಮುಚ್ಚಿಕೊಂಡೇ ಇರುವುದೆಂದು ಗಟ್ಟಿ ಮಾಡಿಕೊಂಡಳು. ಗಂಡನ ಹೆಸರು ಉಳಿಯುತ್ತದೆ, ಮೊಮ್ಮಗಳ ಓದು ಒಂದು ಉಪಕಾರಕ್ಕೆ ಬರುತ್ತದೆ. ಸುಳ್ಳನ್ನೇನೂ ಹೇಳಬೇಕಾಗಿಲ್ಲ, ಸುಮ್ಮನೆ ಕೂತರಾಯಿತು.

ರವಿವಾರ ಬೆಳಿಗ್ಗೆ ದೋಣಿ ಇಡುವ ಚಪ್ಪರದಲ್ಲಿ ಎಲ್ಲ ಸೇರಿದರು. ಬುದವಂತರು ಒಂದೇ ಕುರ್ಚಿಯ ಮೇಲೆ, ಗಂಡಸರು ಬಲೆಯ ರಾಶಿಯ ಮೇಲೆ, ಹೆಂಗಸರು ಕಂಬದ ಹೊರಗೆ ಮರಳಿನಲ್ಲಿ. ಮಂಗೇಶ ಊರುಗೋಲು ಮಡಿಲಲ್ಲಿಟ್ಟು ದೋಣಿಗೆ ಒರಗಿ ಕೂತಿದ್ದ. ಸುಬ್ಬಿ ಮಗನಿಂದ ಒಂದು ಮೊಳ ದೂರದಲ್ಲಿ.

ಪ್ರಗತಿ ಹಾಳೆಯನ್ನು ದೋಣಿಯ ಪಕ್ಕಕ್ಕೆ ಒತ್ತಿ ಹಿಡಿದು ಹೇಳಿದಳು. "ಕಾಲೇಜಲ್ಲಿ ಗೋಲಿ ಆಡೂದು ಕಲಿಸ್ತಾರೇನೋ," ಎಂದು ಯಾರೋ ಹಿಂದಿನಿಂದ ಅಂದರು. ಆದರೆ ಅವರು ಜೀವಮಾನವಿಡೀ ಮಾಡಿದ ಕೆಲಸ ನಾಲ್ಕು ಮನೆ, ಐದು ಬಾಣಗಳಲ್ಲಿ ಕಂಡಾಗ ನಗೆ ನಿಂತಿತು. ಒಬ್ಬ ಬೆರಳಿಟ್ಟು ದಾರಿ ಹಿಡಿದ: ಎತ್ತು, ಬೀಸು, ಬೀಸು, ಸುತ್ತು, ಇಳಿಸು. "ಹೌದು ಮಾರಾಯ, ಬಂದು ಮುಟ್ತು," ಎಂದ. ಇನ್ನೊಬ್ಬ ಸುತ್ತು ಆದ ಮೇಲೆ ಎತ್ತು ಎಂದು ನೋಡಿದ, ಬೆರಳು ಮೂರನೆಯ ಮನೆಯಲ್ಲೇ ಸಿಕ್ಕಿಬಿತ್ತು.

"ನಂಗೆ ರಾಮಣ್ಣನ ಕೈ ಕಂಡಿತ್ತು," ಎಂದ ಮಂಗೇಶ. "ನಾನೇ ಗುರುತು ಮರ್ತೆ ಅಂದ್ಕೊಂಡಿದ್ದೆ. ಏಳು ತಿಂಗಳು ಅದನ್ನೇ ಯೋಚ್ನೆ ಮಾಡ್ದೆ, ಎಂತಾ ಗುರುತು ಅದು, ಎಂತಾ ಗುರುತು ಅಂತ."

"ಇಲ್ಲದ್ದನ್ನ ಹೆಂಗೆ ಮರೀತೆ ನೀನು?" ಎಂದ ನಿತಿನ. ದೋಣಿಯ ತಾಂಡೇಲ ಅವನು, ಹುಟ್ಟು ಹಿಡಿದವರಿಗೆ ಹಿರಿಯ. "ಗುರುತೇ ಇಲ್ಲ ಅಂದ್ಮೇಲೆ ಯಾರದ್ದೂ ತಪ್ಪಲ್ಲ. ಹಿಂದಿನವರಿಗೆ ಅಷ್ಟು ಬುದ್ಧಿ ಇರ್ಲಿಲ್ಲ, ನಾವು ಅನುಭವಿಸ್ದೆವು. ಬಂಡೆ ಮೇಲೆ ನಿಂತು ಬಟ್ಟೆ ಬೀಸಿದ್ರಾಯ್ತಾ? ರಾಮಣ್ಣನ ಅಪ್ಪ ಇದನ್ನೊಂದು ಯೋಚ್ನೆ ಮಾಡಿಟ್ಟಿದ್ರೆ ಮಂಗೇಶನ ಕಾಲು ಇರ್ತಿತ್ತು."

ಬುದವಂತರು ತಲೆದೂಗಿದರು. "ಹಾಂಗಾದ್ರೆ ಇದನ್ನ ಇಲ್ಲಿಗೇ ಬಿಡ್ವಾ. ರಾಮಾ, ನಾಳೆ ಬಂಡೆ ಹತ್ತು."

ರಾಮಾ ಕಣ್ಣು ಮೇಲೆತ್ತಲಿಲ್ಲ. ಪ್ರಗತಿ ಅಜ್ಜಿಯ ಕಡೆ ತಿರುಗಿ ಮುಖ ತುಂಬ ನಕ್ಕಳು.

ಕಾಶಿ ಎದ್ದು ನಿಂತಳು. ಆ ಚಪ್ಪರದಲ್ಲಿ ಹೆಂಗಸರು ಎದ್ದು ಮಾತಾಡಿದ್ದಿಲ್ಲ.

"ನಮ್ಮ ಮಾವನ್ನ ಅನ್ಬೇಡ ನಿತಿನಾ. ಗುರುತು ಇತ್ತು."

ಆಕೆ ಎಲ್ಲವನ್ನೂ ಹೇಳಿದಳು. ದಿಮ್ಮಿ ಬಂದದ್ದು, ಮಾವ ಕೂತದ್ದು, ದೋಣಿ ನಿಂತದ್ದು. ರಾಮಾ ಕೂತದ್ದು. ಪೇಟೆಯಲ್ಲಿ ಹೆಂಗಸರು ನಕ್ಕದ್ದು. ಸುಬ್ಬಿ ಸೆರಗಿನ ತುದಿ ಬಾಯಿಗೆ ತುರುಕಿಕೊಂಡಳು. ಕಾಶಿ ಯಾವ ಹೆಸರನ್ನೂ ಹೇಳಲಿಲ್ಲ.

"ಇವ್ರು ಬಿಡ್ತಿರ್ಲಿಲ್ಲ. ಮರ್ಯಾದಿ ಹೋಗ್ತದೆ ಅಂತ ನಾನು ಬಿಡಿಸ್ದೆ. ಬಿಟ್ಟ ಮೇಲೆ ಇವ್ರು ನಿಮಗೆ ಕಲಿಸ್ಲಿಲ್ಲ. ಅದು ಇವರ ತಪ್ಪು, ನನ್ನದೂ ತಪ್ಪು. ಮಂಗೇಶಾ, ನೀನು ಎಂತದನ್ನೂ ಮರ್ತದ್ದಲ್ಲ ಮಗಾ."

ಚಪ್ಪರದಲ್ಲಿ ಎಲ್ಲರೂ ಒಟ್ಟಿಗೇ ಮಾತಾಡತೊಡಗಿದರು. ನಿತಿನ ರಾಮಾನ ಮುಂದೆ ಹೋಗಿ ನಿಂತು, "ಹೌದಾ ರಾಮಣ್ಣ? ಗೊತ್ತಿದ್ದೂ ನಮಗೆ ಹೇಳ್ಲಿಲ್ವಾ?" ಎಂದು ಕೇಳಿದ. ರಾಮಾ ಹೌದೆಂದು ತಲೆ ಆಡಿಸಿದ. ಮಂಗೇಶ ಕತ್ತರಿಸಿದ ಕಾಲಿನ ತುದಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ಕೂತಿದ್ದ. ಕೊನೆಗೆ ಬುದವಂತರು ಹೇಳಿದರು: ರಾಮಾ ಇನ್ನು ಬಂಡೆ ಹತ್ತಬಾರದು. ಯಾರು ಹತ್ತುತ್ತಾರೋ ಅವರಿಗೂ ದೋಣಿಯವರಿಗೂ ಐದನ್ನೂ ಕಲಿಸಿಕೊಡಬೇಕು. ಕಲಿಸಿ ಮುಗಿಯುವವರೆಗೆ ದೋಣಿ ನೀರಿಗಿಳಿಯಬಾರದು. ಪ್ರಗತಿ ಮರಳಿನ ಮೇಲೆ ಕೂತು, ಅಳು ಒರೆಸಿಕೊಳ್ಳುತ್ತ, ಹಾಳೆಯಲ್ಲಿ ಮೂರನೆಯ ಮನೆಯಿಂದ ಹೊರಗೆ ಐದನೆಯದೊಂದು ಮನೆ ಬರೆದು ಬಾಣ ಎಳೆದಳು.

ಮನೆಯ ದಾರಿಯಲ್ಲಿ ರಾಮಾ ಹೆಂಡತಿಗಿಂತ ಮುಂದೆ ನಡೆದ. ಒಮ್ಮೆಯೂ ಹಿಂದೆ ನೋಡಲಿಲ್ಲ. ಹುಡುಗಿ ಮಾತ್ರ ಪಕ್ಕದಲ್ಲಿ ಬಂದು, "ಸುಮ್ಮನಿದ್ರೆ ಆಗ್ತಿತ್ತಲ್ಲ ಅಜ್ಜಿ," ಎಂದಳು.

"ಆಗ್ತಿತ್ತು," ಎಂದಳು ಕಾಶಿ.

ಮರುದಿನದಿಂದ ರಾಮಾ ಬೆಳಿಗ್ಗೆ ದಂಡೆಗೆ ಹೋಗಿ ಕಲಿಸಿದ. ಮನೆಗೆ ಬಂದು ಉಂಡ, ಎದ್ದ. ಹೆಂಡತಿಯೊಡನೆ ಮಾತಿಲ್ಲ. ಕಾಶಿ ಮಾತಿಗೆ ಕಾಯಲೂ ಇಲ್ಲ, ಬುಟ್ಟಿ ಹೊತ್ತು ಅಂಕೋಲೆ ಬಸ್ಸು ಹತ್ತಿದಳು. ಪೇಟೆಯಲ್ಲಿ ಆಕೆಯ ಪಕ್ಕದ ಜಾಗ ಮೂರು ದಿನ ಖಾಲಿ ಇತ್ತು.

ನಾಲ್ಕನೆಯ ದಿನ ಸುಬ್ಬಿ ಬಂದಳು. ಬುಟ್ಟಿ ಇಳಿಸಿದಳು, ಬಾಂಗಡೆ ಜೋಡಿಸಿದಳು, ನೀರು ಚಿಮುಕಿಸಿದಳು. ಇಬ್ಬರು ಗಿರಾಕಿಗಳು ಬಂದು ಕೇಳಿದರೂ ಬೆಲೆ ಹೇಳಲಿಲ್ಲ. ಕಾಶಿ ತನ್ನ ಪಾಡಿಗೆ ಮೀನಿನ ಮೇಲಿನ ನೊಣ ಅಟ್ಟುತ್ತಿದ್ದಳು.

"ನನ್ನ ಹೆಸರು ಯಾಕೆ ಹೇಳ್ಲಿಲ್ಲ?" ಎಂದಳು ಸುಬ್ಬಿ ಕೊನೆಗೆ.

"ನಗೂದು ಎಲ್ಲರೂ ನಕ್ಕಿದ್ರು ಸುಬ್ಬೀ. ಬಿಡಿಸಿದ್ದು ನಾನೊಬ್ಬಳೇ."

ಸುಬ್ಬಿ ಅತ್ತ ತಿರುಗಿದಳು. ಬಾಂಗಡೆಯ ಮೇಲೆ ಇನ್ನೊಮ್ಮೆ ನೀರು ಚಿಮುಕಿಸಿದಳು.

"ಹೇಳಿದ್ದಿದ್ರೆ," ಎಂದಳು, "ನಿನ್ನ ನಾನು ಬಾಯಿಗೆ ಬಂದ ಹಾಂಗೆ ಬೈತಿದ್ದೆ. ಈಗ ಅದೂ ಆಗೂದಿಲ್ಲ."